ದಾಖಲೆ ಉಂಟು, ವಿಳಾಸವಿಲ್ಲ

'ಕಡತ ಲಭ್ಯವಿಲ್ಲ'. ಸರ್ಕಾರಿ ಕಚೇರಿಯ ಈ ಎರಡು ಪದಗಳ ಹಿಂಬರಹವನ್ನು ಒಮ್ಮೆಯಾದರೂ ಕೈಯಲ್ಲಿ ಹಿಡಿಯದ ಕುಟುಂಬ ನಮ್ಮಲ್ಲಿ ಅಪರೂಪ. ಕಡತ ಸುಟ್ಟುಹೋಗಿದೆ, ಕಳುವಾಗಿದೆ, ಗೆದ್ದಲು ತಿಂದಿದೆ ಎಂದು ಬರೆದರೆ ಯಾರಾದರೊಬ್ಬರು ಹೊಣೆ ಹೊರಬೇಕಾಗುತ್ತದೆ. 'ಲಭ್ಯವಿಲ್ಲ' ಎಂದಾಗ ಆ ತೊಂದರೆ ಇಲ್ಲ. ಹುಡುಕಿದವನೂ ನಿರಪರಾಧಿ, ಇಟ್ಟವನೂ ನಿರಪರಾಧಿ. ಅರ್ಜಿದಾರ ಮಾತ್ರ ಬಸ್ಸು ಹಿಡಿದು ಊರಿಗೆ ಮರಳುತ್ತಾನೆ.

ಕೆಲವು ವರ್ಷಗಳ ಹಿಂದೆ ಈ ಹಿಂಬರಹ ನನ್ನ ಕೈಗೂ ಬಂತು. ತಂದೆ ತೀರಿಕೊಂಡ ಮೇಲೆ ಪೌತಿ ಖಾತೆಗೆ ಅರ್ಜಿ ಹಾಕಿದ್ದೆ. ಅಜ್ಜನಿಗೆ 1960ರ ದಶಕದಲ್ಲಿ ದರಖಾಸ್ತಿನಲ್ಲಿ ಮಂಜೂರಾದ ಎರಡು ಎಕರೆ ಜಮೀನು ಅದು. ಪಹಣಿಯಲ್ಲಿ ಒಂದು ವಿಸ್ತೀರ್ಣ, ಅಳತೆಯಲ್ಲಿ ಇನ್ನೊಂದು. ಮೂಲ ಮಂಜೂರಾತಿ ಕಡತ ಬೇಕು ಎಂದರು. ಆ ಕಚೇರಿಯಲ್ಲಿ ಹಳೆಯ ದಾಖಲೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಸೇರಿಸಿದ್ದರು. ವಿಷಯ ನಿರ್ವಾಹಕರು ಸೌಜನ್ಯದಿಂದಲೇ ಸರ್ವೆ ನಂಬರು ಒತ್ತಿ ತೋರಿಸಿದರು. ಪರದೆ ಖಾಲಿ. 'ನೀವೇ ನೋಡಿ ಸರ್, ಸಿಸ್ಟಮ್‌ನಲ್ಲೇ ಇಲ್ಲ' ಎಂದರು. ಮೂರು ತಿಂಗಳು ಹೀಗೇ ಕಳೆಯಿತು.

ಕೊನೆಗೆ ದಾರಿ ತೋರಿಸಿದವರು ನಮ್ಮೂರಿನ ನಿವೃತ್ತ ಗ್ರಾಮಲೆಕ್ಕಿಗರು. 'ಏನಪ್ಪಾ, ಅದು ಗೋಮಾಳ ಅಲ್ಲವೇ? ನಿಮ್ಮಜ್ಜನಿಗೆ ಮಂಜೂರಾದಾಗ ಇಡೀ ಗೋಮಾಳಕ್ಕೆ ಒಂದೇ ನಂಬರು. ಪೋಡಿ ಆಗಿ ಈ ಹೊಸ ನಂಬರು ಬಂದದ್ದು ಎಷ್ಟೋ ವರ್ಷದ ಮೇಲೆ. ಹಳೇ ನಂಬರು ಹಾಕಿಸಿ ನೋಡು' ಎಂದರು. ಮರುದಿನ ಹಳೆಯ ನಂಬರು ಒತ್ತಿದ ಅರೆಕ್ಷಣದಲ್ಲಿ ಕಡತ ಪರದೆಯ ಮೇಲೆ ಮೂಡಿತು. ಒಂದು ಪುಟವೂ ಮಸುಕಾಗಿರಲಿಲ್ಲ. ಅಜ್ಜನ ಹೆಬ್ಬೆಟ್ಟಿನ ಗೆರೆಗಳು ಸಹ ಎಣಿಸುವಷ್ಟು ಸ್ಪಷ್ಟವಾಗಿದ್ದವು. ಮೂರು ತಿಂಗಳ ಕಾಲ ಅದು ಅಲ್ಲಿಯೇ ಇತ್ತು. ಅದರ ವಿಳಾಸ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ದಾಖಲೆಗಳ ಗಣಕೀಕರಣದ ಬಗ್ಗೆ ನಾವು ಆಡುವ ಬಹುತೇಕ ಮಾತು ಸ್ಕ್ಯಾನಿಂಗ್ ಕುರಿತದ್ದು. ಇಷ್ಟು ಪುಟ ಮುಗಿಯಿತು, ಇಷ್ಟು ತಾಲೂಕು ಪೂರ್ಣಗೊಂಡಿತು ಎಂಬ ಲೆಕ್ಕ ಪತ್ರಿಕೆಗಳಲ್ಲಿ ಬರುತ್ತದೆ. ಆದರೆ ಹಾಗೆ ಸೆರೆಹಿಡಿದ ಪುಟವನ್ನು ಯಾವ ಹೆಸರಿನಲ್ಲಿ, ಯಾವ ಸಂಖ್ಯೆಯಲ್ಲಿ, ಯಾವ ವರ್ಷದಲ್ಲಿ ಹುಡುಕಿದರೆ ಸಿಗುತ್ತದೆ ಎಂಬುದನ್ನು ನಿರ್ಧರಿಸುವುದು ಎರಡನೆಯ ಕೆಲಸ, ಅಂದರೆ ಸೂಚೀಕರಣ. ಮೊದಲನೆಯದನ್ನು ಯಂತ್ರ ಮಾಡುತ್ತದೆ. ಎರಡನೆಯದಕ್ಕೆ ಊರು ಗೊತ್ತಿರುವ, ಕಾನೂನು ಗೊತ್ತಿರುವ, ಹಳೆಯ ಕೈಬರಹ ಓದಬಲ್ಲ ಮನುಷ್ಯ ಬೇಕು.

ಹಳೆಯ ವಿದ್ಯೆ, ಹೊಸ ಮರೆವು

ಸೂಚೀಕರಣ ನಮಗೆ ಹೊಸ ವಿದ್ಯೆಯೇನೂ ಅಲ್ಲ. 'ಕಡತ' ಎಂಬ ಪದವೇ ನಮ್ಮ ದಫ್ತರಗಳ ಪ್ರಾಚೀನತೆಯನ್ನು ಹೇಳುತ್ತದೆ. ಹುಣಸೆಬೀಜದ ಸರಿ ಮತ್ತು ಇದ್ದಿಲಪುಡಿ ಬಳಿದ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಲೆಕ್ಕ ಬರೆದಿಡುತ್ತಿದ್ದ ಪುಸ್ತಕಕ್ಕೆ ಆ ಹೆಸರು. ಶೃಂಗೇರಿ ಮಠದ ಸಂಗ್ರಹದಲ್ಲಿ ಅಂಥ ಕಡತಗಳು ಇಂದಿಗೂ ಇವೆ.

ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯ ಕರ್ನಾಟಿಕ'ವನ್ನೇ ನೋಡಿ. 1886ರಲ್ಲಿ ಕೊಡಗಿನ ಶಾಸನಗಳ ಸಂಪುಟದಿಂದ ಆರಂಭಿಸಿ ಸುಮಾರು 9,000 ಶಾಸನಗಳನ್ನು ಅವರೂ ಅವರ ಸಹಾಯಕರೂ ಪ್ರಕಟಿಸಿದರು. ಬೆಟ್ಟ, ಬಯಲು, ದೇಗುಲ, ಕೆರೆಯ ಏರಿಗಳಲ್ಲಿ ಚೆದುರಿದ್ದ ಕಲ್ಲುಗಳ ಪಡಿಯಚ್ಚು ತೆಗೆದದ್ದು ಕೆಲಸದ ಅರ್ಧ ಭಾಗ. ಉಳಿದರ್ಧ, ಪ್ರತಿ ಕಲ್ಲಿಗೂ ಒಂದು ವಿಳಾಸ ಕೊಟ್ಟದ್ದು. ಜಿಲ್ಲೆಗೊಂದು ಸಂಪುಟ, ಅದರೊಳಗೆ ತಾಲೂಕು, ತಾಲೂಕಿನೊಳಗೆ ಕ್ರಮಸಂಖ್ಯೆ. ತಾಳಗುಂದದ ಸ್ತಂಭ ಶಾಸನವನ್ನು ಇಂದಿಗೂ ವಿದ್ವಾಂಸರು 'ಶಿಕಾರಿಪುರ 176' ಎಂದು ಗುರುತಿಸುತ್ತಾರೆ. ನೂರು ವರ್ಷಗಳಿಗೂ ಮಿಕ್ಕಿ ಆ ವಿಳಾಸ ಬಾಳಿದೆ.

1908ರ ನೋಂದಣಿ ಕಾಯ್ದೆಯೂ ಅಷ್ಟೇ ದೂರದೃಷ್ಟಿಯದು. ಸ್ಥಿರಾಸ್ತಿಯ ಪತ್ರಗಳನ್ನು ಒಂದನೇ ಪುಸ್ತಕಕ್ಕೆ ಇಳಿಸಿದ ಮೇಲೆ ಎರಡು ಪ್ರತ್ಯೇಕ ಇಂಡೆಕ್ಸ್‌ಗಳನ್ನು ಬರೆಯಬೇಕೆಂದು ಅದು ವಿಧಿಸುತ್ತದೆ. ಒಂದನೆಯದರಲ್ಲಿ ಪತ್ರ ಬರೆದುಕೊಟ್ಟವರ ಮತ್ತು ಬರೆಸಿಕೊಂಡವರ ಹೆಸರು, ವಿಳಾಸ. ಎರಡನೆಯದರಲ್ಲಿ ಆಸ್ತಿಯ ವಿವರ. ಮನುಷ್ಯ ಗೊತ್ತಿದ್ದು ಆಸ್ತಿ ಗೊತ್ತಿಲ್ಲದಿದ್ದರೆ ಒಂದು ಬಾಗಿಲು, ಆಸ್ತಿ ಗೊತ್ತಿದ್ದು ಮನುಷ್ಯ ಗೊತ್ತಿಲ್ಲದಿದ್ದರೆ ಇನ್ನೊಂದು. ಶುಲ್ಕ ಕಟ್ಟಿದ ಯಾರು ಬೇಕಾದರೂ ಈ ಇಂಡೆಕ್ಸ್‌ಗಳನ್ನು ನೋಡಬಹುದು ಎಂಬುದೂ ಅದೇ ಕಾಯ್ದೆಯಲ್ಲಿದೆ. ಮನೆ ಕೊಳ್ಳುವ ಮುನ್ನ ನಾವು ಪಡೆಯುವ ಋಣಭಾರ ಪತ್ರ ಹುಟ್ಟುವುದು ಈ ಸೂಚಿಯಿಂದಲೇ.

ಸೂಚಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೂ ಈ ಪತ್ರವೇ ಉದಾಹರಣೆ. ವ್ಯವಹಾರಗಳಿದ್ದರೆ ನಮೂನೆ 15ರಲ್ಲಿಯೂ, ಇಲ್ಲದಿದ್ದರೆ ನಮೂನೆ 16ರಲ್ಲಿಯೂ ನಮಗೆ ಋಣಭಾರ ಪತ್ರ ಸಿಗುತ್ತದೆ. ಅಡಮಾನದ ಪತ್ರವೊಂದು ನೋಂದಣಿಯಾಗಿದ್ದು, ಸೂಚಿಯಲ್ಲಿ ಸರ್ವೆ ನಂಬರಿನ ಒಂದು ಅಂಕಿ ಅದಲುಬದಲಾಗಿದ್ದರೆ ಹುಡುಕಾಟಕ್ಕೆ ಅದು ಸಿಗದು. ಆಗ 'ಯಾವುದೇ ಋಣಭಾರವಿಲ್ಲ' ಎಂಬ ಪತ್ರ ಸರ್ಕಾರಿ ಮೊಹರಿನೊಂದಿಗೆ ಹೊರಬರುತ್ತದೆ. ಕಳೆದುಹೋದ ಕಡತವಾದರೂ ತಾನು ಕಳೆದುಹೋಗಿದ್ದೇನೆ ಎಂದು ಎಚ್ಚರಿಸುತ್ತದೆ. ತಪ್ಪು ಸೂಚಿಯ ಕಡತ ಹಾಗೆ ಎಚ್ಚರಿಸುವುದೂ ಇಲ್ಲ. ನಿವೃತ್ತಿಯ ಹಣವನ್ನೆಲ್ಲ ಸುರಿದು ನಿವೇಶನ ಕೊಳ್ಳುವವನು ಆ ಒಂದು ಹಾಳೆಯನ್ನು ನಂಬಿರುತ್ತಾನೆ.

ಗ್ರಂಥಾಲಯ ವಿಜ್ಞಾನದ ಆಚಾರ್ಯ ಎಸ್.ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. ಇಲ್ಲಿಯೇ 1962ರಲ್ಲಿ ಅವರು ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಆರಂಭಿಸಿದರು. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಸಮಯವನ್ನು ಉಳಿಸಬೇಕೆಂದು ಹೇಳುತ್ತದೆ. ತಾಲೂಕು ಕಚೇರಿಯ ಅಭಿಲೇಖಾಲಯದ ಬಾಗಿಲಲ್ಲಿ ಕಾಯುವ ರೈತನೂ ಒಬ್ಬ ಓದುಗನೇ. ಅವನ ಸಮಯಕ್ಕೆ ಕೂಲಿಯ ಬೆಲೆಯೂ ಉಂಟು.

'ಭೂಮಿ' ಕಲಿಸಿದ ಪಾಠ

ಈ ಕ್ಷೇತ್ರದಲ್ಲಿ ಕರ್ನಾಟಕ ಹಿಂದುಳಿದ ರಾಜ್ಯವಲ್ಲ. ಈ ಶತಮಾನದ ಆರಂಭದಲ್ಲಿ ಜಾರಿಗೆ ಬಂದ 'ಭೂಮಿ' ಯೋಜನೆ ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿ ಪಹಣಿ ದಾಖಲೆಗಳನ್ನು ಗಣಕೀಕರಿಸಿತು. ಅದಕ್ಕೆ ಮೊದಲು ಸುಮಾರು 9,000 ಗ್ರಾಮಲೆಕ್ಕಿಗರ ವಶದಲ್ಲಿ, ಅವರ ಪೆಟ್ಟಿಗೆಗಳಲ್ಲಿ, ಅವರ ಮರ್ಜಿಯಲ್ಲಿ ಪಹಣಿ ಇತ್ತು. 'ಭೂಮಿ' ಬಂದ ಮೇಲೆ 15 ರೂಪಾಯಿ ಕೊಟ್ಟರೆ ತಾಲೂಕು ಕೇಂದ್ರದ ಕಿಟಕಿಯಲ್ಲಿ ಅದು ಸಿಗುವಂತಾಯಿತು. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇ ಮಾಡಬೇಕಾಯಿತು. ಬೆರಳಚ್ಚು ಕೊಟ್ಟು ಒಳಹೊಕ್ಕ ನೌಕರ ಮಾಡಿದ ಪ್ರತಿಯೊಂದು ಬದಲಾವಣೆಯ ಹಿಂದೆಯೂ ಅವನ ಗುರುತು ಉಳಿಯತೊಡಗಿತು. ಇವೆಲ್ಲ ಸಾಮಾನ್ಯ ಸಾಧನೆಗಳಲ್ಲ.

ಆದರೆ 'ಭೂಮಿ' ಸೆರೆಹಿಡಿದದ್ದು ಫಲಿತಾಂಶವನ್ನು. ಆ ಫಲಿತಾಂಶಕ್ಕೆ ಕಾರಣವಾದ ಮಂಜೂರಾತಿ ಆದೇಶ, ವಿಭಾಗ ಪತ್ರ, ಸಾಗುವಳಿ ಚೀಟಿಯ ನಕಲು, ಹಳೆಯ ಮ್ಯುಟೇಶನ್ ರಿಜಿಸ್ಟರ್ ಎಲ್ಲವೂ ಕೆಂಪು ಬಟ್ಟೆಯ ಗಂಟುಗಳಲ್ಲೇ ಉಳಿದವು. ಪಹಣಿಯಲ್ಲಿ ಹೆಸರು ತಪ್ಪಿದ್ದರೆ, ವಿಸ್ತೀರ್ಣದ ಗುಂಟೆಗಳು ಹೆಚ್ಚುಕಡಿಮೆಯಾಗಿದ್ದರೆ ತಿದ್ದುಪಡಿಗೆ ಆಧಾರ ಆ ಗಂಟುಗಳೇ. ಟೀಕಾಕಾರರೂ ಇದ್ದರು. ದಾಖಲೆಗಳು ಹಳ್ಳಿಯಿಂದ ತಾಲೂಕು ಕೇಂದ್ರಕ್ಕೆ ಏರಿದಾಗ ಅದರ ಲಾಭ ಸಣ್ಣ ಹಿಡುವಳಿದಾರರಿಗಿಂತ ಬೆಂಗಳೂರಿನ ಸುತ್ತಮುತ್ತ ದೊಡ್ಡ ಪ್ರಮಾಣದಲ್ಲಿ ಜಮೀನು ಕೊಳ್ಳುವವರಿಗೆ ಹೆಚ್ಚು ದಕ್ಕಿತು ಎಂದು ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲೇ ವಾದಿಸಿದ್ದರು. ವಾದವನ್ನು ಪೂರ್ತಿಯಾಗಿ ಒಪ್ಪಬೇಕಿಲ್ಲ. ಆದರೂ ಸೂಚಿಯೊಂದನ್ನು ಯಾರಿಗಾಗಿ ರಚಿಸುತ್ತೇವೆ ಎಂಬ ಪ್ರಶ್ನೆಯನ್ನು ಅದು ಎತ್ತಿತು.

ಆ ಗಂಟುಗಳನ್ನು ಬಿಚ್ಚುವ ಕೆಲಸಕ್ಕೆ ಕಂದಾಯ ಇಲಾಖೆ ಕೈಹಾಕಿದ್ದು 'ಭೂ ಸುರಕ್ಷಾ' ಯೋಜನೆಯ ಮೂಲಕ. 2024ರಲ್ಲಿ ಜಿಲ್ಲೆಗೊಂದು ತಾಲೂಕಿನಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಇದು ತಹಶೀಲ್ದಾರ್ ಕಚೇರಿಗಳ ಅಭಿಲೇಖಾಲಯಗಳನ್ನು ಸ್ಕ್ಯಾನ್ ಮಾಡಿಸುವ ಯೋಜನೆ. ಸಂತೋಷದ ಸಂಗತಿ. ಆದ್ದರಿಂದಲೇ ಎರಡನೆಯ ಕೆಲಸದ ಬಗ್ಗೆ ಈಗಲೇ ಮಾತನಾಡಬೇಕು.

ಒಂದು ಗಂಟು ಬಿಚ್ಚಿದಾಗ

ಹಳೆಯ ಕಡತವೊಂದನ್ನು ಸೆರೆಹಿಡಿಯುವ ಕ್ರಮ ಕೇಳಲು ಸರಳ. ಗಂಟು ಬಿಚ್ಚಬೇಕು, ಧೂಳು ಕೊಡವಬೇಕು, ತುಕ್ಕು ಹಿಡಿದ ಗುಂಡುಸೂಜಿ, ಹೊಲಿಗೆಯ ದಾರ ತೆಗೆಯಬೇಕು, ಹರಿದ ಅಂಚನ್ನು ಸರಿಪಡಿಸಬೇಕು, ಪುಟಸಂಖ್ಯೆ ಹಾಕಬೇಕು. ಆಮೇಲೆ ಸ್ಕ್ಯಾನರ್. ಹಾಳೆಯ ಎರಡೂ ಮಗ್ಗುಲನ್ನು ತೆಗೆಯುವುದು ಅನಿವಾರ್ಯ. ನಮ್ಮ ಕಚೇರಿಗಳಲ್ಲಿ ಮುಖ್ಯವಾದ ಷರಾ ಹಲವು ವೇಳೆ ಹಾಳೆಯ ಹಿಂಬದಿಯಲ್ಲೋ ಅಂಚಿನಲ್ಲೋ ಇರುತ್ತದೆ. ಮಡಚಿಟ್ಟ ನಕ್ಷೆಗೆ ಬೇರೆಯದೇ ಯಂತ್ರ ಬೇಕು. ಕೊನೆಗೆ ಪುಟಗಳ ಎಣಿಕೆ ಮೂಲದೊಂದಿಗೆ ತಾಳೆಯಾಗಬೇಕು.

ಸೂಚಿಯ ಕೆಲಸ ಆರಂಭವಾಗುವುದು ಇಲ್ಲಿಂದ. ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ, ಕಡತದ ಸಂಖ್ಯೆ, ವರ್ಷ, ದಾಖಲೆಯ ಬಗೆ, ಸಂಬಂಧಪಟ್ಟವರ ಹೆಸರು. ಹತ್ತು ಖಾನೆ ತುಂಬಿದರೆ ಮುಗಿಯಿತಲ್ಲ ಎನ್ನಿಸುತ್ತದೆ. ಒಂದೊಂದು ಖಾನೆಯಲ್ಲೂ ಒಂದೊಂದು ತೊಡಕಿದೆ.

ಜಿಲ್ಲೆಯ ಖಾನೆಯನ್ನೇ ತೆಗೆದುಕೊಳ್ಳಿ. 1997ರಲ್ಲಿ ರಾಜ್ಯದಲ್ಲಿ ಏಳು ಹೊಸ ಜಿಲ್ಲೆಗಳಾದವು. ಹರಪನಹಳ್ಳಿ ತಾಲೂಕು ಬಳ್ಳಾರಿಯಿಂದ ಹೊಸ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. 1953ಕ್ಕೆ ಮೊದಲು ಅದು ಮದರಾಸು ಆಡಳಿತದಲ್ಲಿತ್ತು. ಒಂದೇ ಹೊಲದ ಕಾಗದಗಳ ಮೇಲೆ ಇಷ್ಟು ತಲೆಬರಹಗಳು. ಕಾಗದದ ಮೇಲಿರುವ ಜಿಲ್ಲೆಯನ್ನು ನಮೂದಿಸಬೇಕೇ, ಇಂದಿನ ಜಿಲ್ಲೆಯನ್ನೇ? ಉತ್ತರ: ಎರಡನ್ನೂ. ಮೂಲದಲ್ಲಿ ಇದ್ದದ್ದನ್ನು ಇದ್ದಂತೆಯೇ ಬರೆದು, ಇಂದಿನ ಹೆಸರಿಗೆ ಅದನ್ನು ಗಂಟುಹಾಕಬೇಕು. ಸರ್ವೆ ನಂಬರಿಗೂ ಇದೇ ನ್ಯಾಯ. ನನ್ನ ಅಜ್ಜನ ಕಡತ ಕಾಣೆಯಾದದ್ದು ಈ ಗಂಟು ಬೀಳದ ಕಾರಣಕ್ಕೆ.

ಗ್ರಾಮದ ಖಾನೆ ಇನ್ನೊಂದು. ಹೊಸಹಳ್ಳಿ, ಹೊಸೂರು, ಬೊಮ್ಮನಹಳ್ಳಿಗಳು ಒಂದೇ ತಾಲೂಕಿನಲ್ಲಿ ಎರಡು ಮೂರು ಇರಬಹುದು. ಹೋಬಳಿ ಬಿಟ್ಟುಹೋದರೆ ಒಬ್ಬರ ಜಮೀನು ಇನ್ನೊಬ್ಬರ ಊರಿಗೆ ಹೋಗಿ ಕೂರುತ್ತದೆ.

ಹೆಸರಿನ ಖಾನೆಯಂತೂ ಸಾಗರ. ಕೆಂಪೇಗೌಡ, ಕೆಂಪೆಗೌಡ, ಕೆಂಪಗೌಡ ಒಬ್ಬನೇ ಆಗಿರಬಹುದು, ಮೂವರೂ ಆಗಿರಬಹುದು. ಬೇರೆ ಮಾಡುವುದು 'ಬಿನ್' ಎಂಬುದರ ಮುಂದಿನ ತಂದೆಯ ಹೆಸರು, 'ಕೋಂ' ಎಂಬುದರ ಮುಂದಿನ ಗಂಡನ ಹೆಸರು. ಸಮಯ ಉಳಿಸಲೆಂದು ಅದನ್ನು ಕೈಬಿಟ್ಟರೆ ವಿಧವೆಯೊಬ್ಬಳ ಹಕ್ಕು ಅವಳ ಹೆಸರಿನ ಇನ್ನೊಬ್ಬಳೊಂದಿಗೆ ಕಲಸಿಹೋಗುತ್ತದೆ.

ಯಂತ್ರವೇ ಓದಿಕೊಳ್ಳಲಿ ಎನ್ನಬಹುದು. ಅಚ್ಚಿನ ಕನ್ನಡವನ್ನು ಓದುವ ತಂತ್ರಾಂಶಗಳು ಬಹಳಷ್ಟು ಸುಧಾರಿಸಿವೆ. ಆದರೆ ಶಾನುಭೋಗರ ಮೋಡಿಬರಹದಂಥ ಕೂಡುಗೈ ಕನ್ನಡದಲ್ಲಿ, ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುವ ಹಳೆಯ ರಿಜಿಸ್ಟರುಗಳಲ್ಲಿ ಅವು ಇನ್ನೂ ಎಡವುತ್ತವೆ. ಮುಂಬಯಿ ಕರ್ನಾಟಕದ ಹಳೆಯ ದಾಖಲೆಗಳಲ್ಲಿ ನಿಜವಾದ ಮೋಡಿ ಲಿಪಿಯೇ ಇದೆ, ನಿಜಾಮರ ಆಳ್ವಿಕೆಯ ಭಾಗಗಳಲ್ಲಿ ಉರ್ದು ಇದೆ. ಅವನ್ನು ಓದಬಲ್ಲವರು ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ. ತೀರ ಈಚಿನ ದಾಖಲೆಗಳಿಗೂ ಕಷ್ಟ ತಪ್ಪಿದ್ದಲ್ಲ. ಯೂನಿಕೋಡ್‌ಗೆ ಮೊದಲಿನ ಫಾಂಟುಗಳಲ್ಲಿ ಟೈಪಿಸಿದ ಕಡತ ಪರದೆಯ ಮೇಲೆ ಕನ್ನಡವಾಗಿ ಕಂಡರೂ ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತಗಳ ರಾಶಿ. ಪರಿವರ್ತಿಸದೆ ಹುಡುಕಿದರೆ ಒಂದು ಪದವೂ ಸಿಗದು.

ಪುಟಕ್ಕಿಷ್ಟು ಎಂಬ ಲೆಕ್ಕ

ಇಷ್ಟು ಸೂಕ್ಷ್ಮದ ಕೆಲಸವನ್ನು ಪುಟಕ್ಕಿಷ್ಟು ಪೈಸೆ ಎಂಬ ಗುತ್ತಿಗೆಗೆ ಕೊಟ್ಟರೆ ಪುಟಗಳು ಉರುಳುತ್ತವೆ, ಖಾನೆಗಳು ಅಂದಾಜಿನಲ್ಲಿ ತುಂಬುತ್ತವೆ. ದಿನಕ್ಕಿಷ್ಟು ಎಂಬ ಗುರಿಯ ಒತ್ತಡದಲ್ಲಿ ಕೂತ, ಆ ತಾಲೂಕಿನ ಒಂದು ಊರನ್ನೂ ಕಾಣದ ತರುಣ ತರುಣಿಯರನ್ನು ದೂರುವುದು ಅನ್ಯಾಯ. ಗುತ್ತಿಗೆಯ ಷರತ್ತೇ ಬೇರೆ ಇರಬೇಕು. ಹಣ ಸಲ್ಲಬೇಕಾದುದು ಪರಿಶೀಲಿಸಿ ಒಪ್ಪಿದ ಕಡತಕ್ಕೆ. ಮುಖ್ಯ ಖಾನೆಗಳನ್ನು ಇಬ್ಬರು ಪ್ರತ್ಯೇಕವಾಗಿ ನಮೂದಿಸಿ, ವ್ಯತ್ಯಾಸ ಬಂದದ್ದನ್ನು ಮೂರನೆಯವರು ಮೂಲದೊಂದಿಗೆ ತಾಳೆ ನೋಡುವುದು ಹಳೆಯ, ನಂಬಿಕಸ್ಥ ಪದ್ಧತಿ. ಆ ಮೂರನೆಯ ಕುರ್ಚಿಯಲ್ಲಿ ನಿವೃತ್ತ ಗ್ರಾಮಲೆಕ್ಕಿಗರನ್ನೋ ಶಿರಸ್ತೇದಾರರನ್ನೋ ಗೌರವಧನ ಕೊಟ್ಟು ಕೂರಿಸಬಹುದು.

ಇದು ಔದಾರ್ಯದ ಮಾತಲ್ಲ, ಕಾನೂನಿನ ಮಾತು. 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಎ) ಪ್ರಕರಣ ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವೂ ತನ್ನ ದಾಖಲೆಗಳನ್ನು ಪಟ್ಟಿಮಾಡಿ, ಸೂಚೀಕರಿಸಿ, ಮಾಹಿತಿ ಸುಲಭವಾಗಿ ಸಿಗುವ ರೀತಿಯಲ್ಲಿ ಇಟ್ಟುಕೊಳ್ಳಬೇಕೆಂದು ಹೇಳುತ್ತದೆ. ಕಾಯ್ದೆಯ ಕರ್ತವ್ಯಗಳ ಪಟ್ಟಿಯಲ್ಲಿ ಅದೇ ಮೊದಲನೆಯದು. ಅರ್ಜಿ, ಮೇಲ್ಮನವಿ, ದಂಡದ ಬಗ್ಗೆ ಇಷ್ಟೊಂದು ಚರ್ಚಿಸಿರುವ ನಾವು ಈ ಮೊದಲ ಸಾಲನ್ನು ಮರೆತಿದ್ದೇವೆ. ಸೂಚಿ ಇಲ್ಲದ ಕಚೇರಿಯಲ್ಲಿ 'ಲಭ್ಯವಿಲ್ಲ' ಎಂಬ ಉತ್ತರ ನಿಜವೋ ನೆಪವೋ ಎಂದು ಸಾಬೀತುಪಡಿಸುವುದಾದರೂ ಹೇಗೆ?

ಎರಡು ಎಚ್ಚರಿಕೆಗಳನ್ನೂ ಹೇಳಬೇಕು. ಸ್ಕ್ಯಾನ್ ಆಯಿತೆಂದು ಮೂಲ ಕಾಗದವನ್ನು ಕಡೆಗಣಿಸುವಂತಿಲ್ಲ. ಸಹಿ, ಶಾಯಿ, ಮೊಹರು ವಿವಾದಕ್ಕೆ ಬಂದಾಗ ನ್ಯಾಯಾಲಯ ಕೇಳುವುದು ಮೂಲವನ್ನು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮವು ಎಲೆಕ್ಟ್ರಾನಿಕ್ ದಾಖಲೆಯೊಂದಿಗೆ ಸಲ್ಲಿಸಬೇಕಾದ ಪ್ರಮಾಣಪತ್ರದಲ್ಲಿ 'ಹ್ಯಾಶ್' ಮೌಲ್ಯವನ್ನೂ ಕೇಳುತ್ತದೆ. ಹ್ಯಾಶ್ ಎಂದರೆ ಕಡತದ ಅಂಕಿರೂಪದ ಬೆರಳಚ್ಚು. ಒಂದು ಚುಕ್ಕೆ ಬದಲಾದರೂ ಅದು ಬೇರೆಯಾಗುತ್ತದೆ. ಸ್ಕ್ಯಾನ್ ಮಾಡಿದ ದಿನವೇ ಅದನ್ನು ದಾಖಲಿಸಿಟ್ಟರೆ ಮುಂದೆ ಯಾರೂ ಸದ್ದಿಲ್ಲದೆ ಪುಟ ಬದಲಿಸಲಾರರು.

ಇನ್ನೊಂದು, ಒಳ್ಳೆಯ ಸೂಚಿ ಎಲ್ಲರಿಗೂ ಸಮಾನವಾಗಿ ಉಪಯುಕ್ತ ಎಂಬುದು. ಒಂಟಿ ವೃದ್ಧೆಯ ಹೆಸರಿನಲ್ಲಿ ಎಲ್ಲೆಲ್ಲಿ ಎಷ್ಟು ಜಮೀನಿದೆ ಎಂದು ಹುಡುಕಲು ಭೂಗಳ್ಳನಿಗೂ ಅದು ನೆರವಾದೀತು. ಆದ್ದರಿಂದ ಯಾರು, ಯಾವಾಗ, ಏನನ್ನು ಹುಡುಕಿದರು ಎಂಬುದರ ದಾಖಲೆ ಉಳಿಯಬೇಕು. ತನ್ನ ಕಡತವನ್ನು ಯಾರು ತೆರೆದರು ಎಂಬುದು ಆಸ್ತಿಯ ಒಡೆಯನಿಗೆ ತಿಳಿಯಬೇಕು. ಸೂಚಿಯಲ್ಲಿ ತಪ್ಪು ಕಂಡರೆ ಅದನ್ನು ಸರಿಪಡಿಸಲು ಒಂದು ಪುಟದ ಸರಳ ಅರ್ಜಿ ಸಾಕಾಗಬೇಕು. ಪಹಣಿ ತಿದ್ದುಪಡಿಯಂತೆ ಅದೂ ವರ್ಷಗಟ್ಟಲೆ ನಡೆಯುವ ಪ್ರಕರಣವಾಗಬಾರದು.

ನಮ್ಮ ಖಾತೆ ಆಯಿತು. ಹೊಸ ಪಹಣಿಯ ಪ್ರತಿ ತೋರಿಸಲು ಆ ನಿವೃತ್ತ ಗ್ರಾಮಲೆಕ್ಕಿಗರ ಮನೆಗೆ ಹೋದಾಗ ಅವರು ಕನ್ನಡಕ ಏರಿಸಿ ಓದಿ, ಆ ಗೋಮಾಳದಲ್ಲಿ ಆಗ ಮಂಜೂರು ಪಡೆದ ಉಳಿದವರ ಹೆಸರುಗಳನ್ನು ಒಂದೊಂದಾಗಿ ಹೇಳತೊಡಗಿದರು. ಯಾರದು ಯಾವ ಮೂಲೆ, ಯಾರಿಗೆ ಯಾವ ಹೊಸ ನಂಬರು ಎಂಬುದರ ಸಮೇತ. ನಾನು ಬರೆದುಕೊಳ್ಳಲಿಲ್ಲ. ನಮ್ಮ ಕೆಲಸ ಮುಗಿದಿತ್ತಲ್ಲ. ಮರುವರ್ಷ ಅವರು ತೀರಿಕೊಂಡ ಸುದ್ದಿ ಬಂತು. ಆ ಹೆಸರುಗಳವರ ಮಕ್ಕಳು, ಮೊಮ್ಮಕ್ಕಳು ಒಂದಲ್ಲ ಒಂದು ದಿನ ಅದೇ ಕಿಟಕಿಯ ಮುಂದೆ ಹೊಸ ನಂಬರು ಹಿಡಿದು ನಿಲ್ಲುತ್ತಾರೆ. ಅವರ ಕಡತಗಳೂ ಒಳಗೆ ಭದ್ರವಾಗಿಯೇ ಇವೆ. ಹಳೆಯ ನಂಬರನ್ನು ಅವರಿಗೆ ಹೇಳುವವರು ಮಾತ್ರ ಈಗ ಇಲ್ಲ.